ಆಸ್ಪತ್ರೆಯಲ್ಲಿ ತಪ್ಪಾಗಿದೆ ಅನ್ನಿಸಿದರೆ ಲಾಯರ್ ಹತ್ತಿರ ಯಾವಾಗ ಹೋಗಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಮ್ಮನಿಗೆ ಪಿತ್ತಕೋಶದ ಆಪರೇಷನ್ ಆಗಿ ನಾಲ್ಕನೇ ದಿನಕ್ಕೆ ಹೊಟ್ಟೆ ಊದಿಕೊಂಡಿತು. "ಗ್ಯಾಸ್ ಅಷ್ಟೇ, ಸ್ವಲ್ಪ ಓಡಾಡಿಸಿ" ಅಂದರು. ಏಳನೇ ದಿನ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಕರೆದುಕೊಂಡು ಬಂದಾಗ ಪಿತ್ತರಸ ಸೋರಿ ಹೊಟ್ಟೆ ತುಂಬಾ ಸೋಂಕು ಹರಡಿತ್ತು. ಅಮ್ಮ ಉಳಿದರು. ಆಮೇಲೆ ನಾವು ಗ್ರಾಹಕರ ಕೋರ್ಟಿನ ಮೆಟ್ಟಿಲು ಹತ್ತಿದೆವು.

ಅಂದಿನಿಂದ ನೆಂಟರು, ಪರಿಚಯದವರು, ಅವರ ಪರಿಚಯದವರು ಫೋನ್ ಮಾಡುತ್ತಿರುತ್ತಾರೆ. ಎಲ್ಲರದ್ದೂ ಒಂದೇ ಮೊದಲ ಪ್ರಶ್ನೆ: "ಒಳ್ಳೆ ಲಾಯರ್ ಯಾರಾದರೂ ಗೊತ್ತಾ?" ನಾನು ತಿರುಗಿ ಕೇಳುವುದೂ ಒಂದೇ: "ಕೇಸ್ ಶೀಟ್ ಕೈಗೆ ಬಂತಾ?" ನಾನು ಲಾಯರ್ ಅಲ್ಲ. ಆ ದಾರಿಯಲ್ಲಿ ನಡೆದು ಕಲಿತದ್ದನ್ನು, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ಏನು ಮಾಡಬೇಕು?

ಕೇಸ್ ಶೀಟ್ ಕೇಳಿ. ಇಡೀ ಕೇಸ್ ಶೀಟ್. ಡಿಸ್ಚಾರ್ಜ್ ಸಮರಿ ಅಂತ ಎರಡು ಪುಟ ಕೊಡುತ್ತಾರಲ್ಲ, ಅದು ಸಾಲದು. ಅಡ್ಮಿಶನ್ ದಿನದ ನೋಟ್ಸು, ಡಾಕ್ಟರು ದಿನಾ ಬಂದು ನೋಡಿ ಬರೆದದ್ದು, ನರ್ಸ್‌ಗಳ ಚಾರ್ಟು, ಜ್ವರ-ನಾಡಿ-ಬಿಪಿ ಬರೆಯುವ ಹಾಳೆ, ಕೊಟ್ಟ ಔಷಧಿಗಳ ಪಟ್ಟಿ, ಆಪರೇಷನ್ ನೋಟ್ಸು, ಅರಿವಳಿಕೆ ಡಾಕ್ಟರ ನೋಟ್ಸು, ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ, ಲ್ಯಾಬ್ ರಿಪೋರ್ಟು, ಸ್ಕ್ಯಾನ್ ಫಿಲ್ಮು, ಎಲ್ಲವೂ ಬೇಕು.

ಇದು ಆಸ್ಪತ್ರೆಯವರು ದಯೆಯಿಂದ ಕೊಡುವ ವಸ್ತು ಅಲ್ಲ. ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಗಳ ಪ್ರಕಾರ ರೋಗಿಯಾಗಲಿ, ರೋಗಿಯ ಪರವಾಗಿ ಮನೆಯವರಾಗಲಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಜೋಪಾನ ಮಾಡಬೇಕು. ಬಾಯಿಮಾತಲ್ಲಿ ಕೇಳಬೇಡಿ, ಬರೆದು ಕೇಳಿ. ಪತ್ರದ ಮಾದರಿ ಕೊನೆಯಲ್ಲಿ ಕೊಟ್ಟಿದ್ದೇನೆ.

ನಾವು ಇಲ್ಲೇ ಎಡವಿದ್ದು. ಬಿಲ್ಲು, ಡಿಸ್ಚಾರ್ಜ್ ಸಮರಿ ಹಿಡಿದುಕೊಂಡು ಸೀದಾ ಲಾಯರ್ ಹತ್ತಿರ ಹೋದೆವು. ಅವರು ಮರುದಿನವೇ ಖಾರವಾದ ಲೀಗಲ್ ನೋಟೀಸ್ ಕಳಿಸಿದರು. ಆಮೇಲೆ ನಾವು ಕೇಸ್ ಶೀಟ್ ಕೇಳಿದೆವು. ಮೂರು ವಾರ ಬಿಟ್ಟು ಬಂತು. ಅದರಲ್ಲಿ ಎರಡು ರಾತ್ರಿಗಳ ನರ್ಸ್ ನೋಟ್ಸು ಇರಲಿಲ್ಲ. ಹೊಟ್ಟೆ ಊದಿಕೊಂಡದ್ದು ಅದೇ ಎರಡು ರಾತ್ರಿ. ನೋಟೀಸಿಗೆ ಮೊದಲೇ ಕೇಳಿದ್ದರೆ ಸಿಗುತ್ತಿತ್ತೋ ಏನೋ ಅಂತ ಇವತ್ತಿಗೂ ಅನ್ನಿಸುತ್ತದೆ. ಅಂದಹಾಗೆ, ಗ್ರಾಹಕರ ಆಯೋಗಕ್ಕೆ (ಗ್ರಾಹಕರ ಕೋರ್ಟು ಅನ್ನುವುದು ಇದನ್ನೇ) ದೂರು ಕೊಡಲು ಮೊದಲೇ ಲೀಗಲ್ ನೋಟೀಸ್ ಕಳಿಸಲೇಬೇಕು ಅಂತ ಕಾನೂನಿನಲ್ಲಿ ಇಲ್ಲ.

ಚಿಕಿತ್ಸೆ ಫಲಿಸಲಿಲ್ಲ. ಅದು ನಿರ್ಲಕ್ಷ್ಯ ಆಗುತ್ತದಾ?

ಬರೀ ಅಷ್ಟಕ್ಕೇ ಆಗುವುದಿಲ್ಲ. ಇದನ್ನು ಹೇಳುವಾಗ ನನಗೂ ಕಷ್ಟವಾಗುತ್ತದೆ, ಯಾಕೆಂದರೆ ಕೇಳುವವರು ಆಗತಾನೇ ಯಾರನ್ನೋ ಕಳೆದುಕೊಂಡಿರುತ್ತಾರೆ. 2005ರ ಜೇಕಬ್ ಮ್ಯಾಥ್ಯೂ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಸಾಮಾನ್ಯವಾಗಿ ಕೆಲಸ ಬಲ್ಲ ಡಾಕ್ಟರು ಆ ಪರಿಸ್ಥಿತಿಯಲ್ಲಿ ತೋರಿಸುವ ಎಚ್ಚರಿಕೆಯನ್ನು ಇವರು ತೋರಿಸಿದರಾ ಅನ್ನುವುದೇ ಅಳತೆಗೋಲು. ಬೇರೆ ಡಾಕ್ಟರು ಬೇರೆ ದಾರಿ ಹಿಡಿಯುತ್ತಿದ್ದರು ಅಂದಮಾತ್ರಕ್ಕೆ ತಪ್ಪಾಗದು.

ಅಮ್ಮನ ಕೇಸನ್ನೇ ತೆಗೆದುಕೊಳ್ಳಿ. ಪಿತ್ತಕೋಶದ ಆಪರೇಷನ್‌ನಲ್ಲಿ ಪಿತ್ತರಸ ಸೋರುವುದು ಎಚ್ಚರಿಕೆಯಿಂದ ಮಾಡಿದಾಗಲೂ ಆಗಬಹುದಾದ ತೊಂದರೆ. ಸೋರಿದ್ದು ನಮ್ಮ ದೂರು ಆಗಿರಲಿಲ್ಲ. ಹೊಟ್ಟೆ ಊದಿ, ಜ್ವರ ಬಂದು, ಮೂರು ದಿನವಾದರೂ ಒಂದು ಸ್ಕ್ಯಾನ್ ಮಾಡಿಸಲಿಲ್ಲವಲ್ಲ, ಅದು ದೂರು. ಈ ವ್ಯತ್ಯಾಸ ನಮಗೆ ಹೊಳೆದದ್ದು ಲಾಯರ್ ಹೇಳಿ ಅಲ್ಲ. ಪರಿಚಯದ ಸರ್ಜನ್ ಒಬ್ಬರು ಕೇಸ್ ಶೀಟ್ ಓದಿ ಹೇಳಿದ ಮೇಲೆ.

ಅದಕ್ಕೇ ಹೇಳುವುದು: ಕೇಸ್ ಶೀಟ್ ಸಿಕ್ಕ ಮೇಲೆ ಲಾಯರ್‌ಗಿಂತ ಮುಂಚೆ ಅದೇ ವಿಭಾಗದ, ಬೇರೆ ಊರಿನ ಡಾಕ್ಟರಿಗೆ ತೋರಿಸಿ. ನಿವೃತ್ತ ಪ್ರೊಫೆಸರ್ ಸಿಕ್ಕಿದರೆ ಇನ್ನೂ ಒಳ್ಳೆಯದು. "ಸಾಕ್ಷಿ ಹೇಳಿ" ಅಂತ ಮೊದಲೇ ಕೇಳಿದರೆ ಹಿಂಜರಿಯುತ್ತಾರೆ. "ಏನಾಯಿತು ಅಂತ ನಮಗೆ ಅರ್ಥ ಮಾಡಿಸಿ" ಅಂತ ಕೇಳಿ. ಕೆಲವು ಸಲ ಅವರು "ಇದರಲ್ಲಿ ಯಾರ ತಪ್ಪೂ ಇಲ್ಲ" ಅನ್ನುತ್ತಾರೆ. ಆ ಮಾತು ಕೇಳಿ ಮನಸ್ಸು ಹಗುರಾಗಿ ಮನೆಗೆ ಹೋದವರನ್ನೂ ನೋಡಿದ್ದೇನೆ.

ಲಾಯರ್ ಇಲ್ಲದೆಯೇ ನಡೆಸಬಹುದಾದ ದೂರು ಯಾವುದು?

ಬಿಲ್ಲಿನಲ್ಲಿ ಕೊಡದ ಔಷಧಿಗೆ ದುಡ್ಡು ಹಾಕಿದ್ದಾರೆ. ಹೇಳಿದ ದರಕ್ಕಿಂತ ಜಾಸ್ತಿ ತೆಗೆದುಕೊಂಡಿದ್ದಾರೆ. ಕೇಸ್ ಶೀಟ್ ಕೊಡುತ್ತಿಲ್ಲ. ಇಂಥವುಗಳನ್ನು ನೀವೇ ನೋಡಿಕೊಳ್ಳಬಹುದು. ಗ್ರಾಹಕರ ಆಯೋಗದಲ್ಲಿ ದೂರುದಾರರು ತಾವೇ ನಿಂತು ವಾದ ಮಾಡಲು ಅವಕಾಶ ಇದೆ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ.

ಖಾಸಗಿ ಆಸ್ಪತ್ರೆಯ ವಿಷಯವಾದರೆ ಇನ್ನೊಂದು ದಾರಿಯೂ ಇದೆ. ಕೆಪಿಎಂಇ ಕಾಯ್ದೆ ಅನ್ನುತ್ತಾರಲ್ಲ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅದರಡಿ ಪ್ರತಿ ಜಿಲ್ಲೆಯಲ್ಲೂ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು ದಾಖಲೆ ಜೋಡಿಸಿ ಕೊಡಿ.

ಹಾಗಾದರೆ ಲಾಯರ್ ಬೇಕೇ ಬೇಕು ಅನ್ನುವುದು ಯಾವಾಗ?

ಸಾವಾಗಿದ್ದರೆ, ಅಥವಾ ಜೀವನಪೂರ್ತಿ ಉಳಿಯುವ ಊನ ಆಗಿದ್ದರೆ ಒಬ್ಬರೇ ಹೋಗಬೇಡಿ. ಹೆರಿಗೆ ಸಮಯದ ತೊಂದರೆಯಿಂದ ಮಗುವಿಗೆ ಹಾನಿಯಾದ ಕೇಸುಗಳಲ್ಲಿ ಪರಿಹಾರದ ಲೆಕ್ಕವೇ ದೊಡ್ಡ ಕೆಲಸ. ಮುಂದಿನ ಎಷ್ಟೋ ವರ್ಷಗಳ ಆರೈಕೆ, ಥೆರಪಿ, ತಾಯಿ ಬಿಟ್ಟ ಕೆಲಸ, ಎಲ್ಲವನ್ನೂ ದೂರಿನಲ್ಲೇ ಬರೆದು ಕೇಳಬೇಕು. ಕೇಳದ್ದನ್ನು ಆಯೋಗ ತಾನಾಗಿ ಕೊಡುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ.

ರೋಗ ಯಾವುದು ಅಂತ ಗುರುತಿಸುವಲ್ಲಿ ತಪ್ಪಾಗಿದೆ ಅನ್ನುವ ಕೇಸಿಗೂ ಲಾಯರ್ ಬೇಕು. ಆಗ ಎದುರಿನ ಡಾಕ್ಟರಿಗೆ ಪಾಟೀಸವಾಲಿನ ಪ್ರಶ್ನೆಗಳನ್ನು ಸಿದ್ಧ ಮಾಡಬೇಕಾಗುತ್ತದೆ. ಅದು ಪಳಗಿದವರ ಕೆಲಸ. ಇನ್ನು ಸರ್ಕಾರಿ ಆಸ್ಪತ್ರೆ ವಿರುದ್ಧ ಸಿವಿಲ್ ದಾವೆ, ಕ್ರಿಮಿನಲ್ ಕೇಸು, ಮೇಲ್ಮನವಿ, ಇವು ಮೂರಕ್ಕೂ ಬೇಕೇ ಬೇಕು. ಆಸ್ಪತ್ರೆಯವರು ಯಾವುದಾದರೂ ಕಾಗದಕ್ಕೆ ಸಹಿ ಕೇಳುತ್ತಿದ್ದರೆ ಆ ದಿನವೇ ಹೋಗಿ. ಎರಡು ವರ್ಷ ಮುಗಿಯುತ್ತಾ ಬಂದಿದ್ದರೂ ಅಷ್ಟೇ.

ಎರಡು ವರ್ಷ ಅಂದರೆ ಏನು?

2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಇರುವ ಗಡುವು ಅದು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ. ತಡವಾಗಿದ್ದಕ್ಕೆ ಗಟ್ಟಿ ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು. ಆದರೆ ಅದನ್ನು ನೆಚ್ಚಿಕೊಳ್ಳಬೇಡಿ.

2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಕೇಸು ನನಗೆ ಮರೆಯುವುದೇ ಇಲ್ಲ. 1993ರಲ್ಲಿ ಒಬ್ಬ ಮಹಿಳೆಗೆ ಆಪರೇಷನ್ ಆಯಿತು. ಆಮೇಲೆ ವರ್ಷಗಟ್ಟಲೆ ಹೊಟ್ಟೆನೋವು. 2002ರಲ್ಲಿ ಇನ್ನೊಂದು ಆಪರೇಷನ್ ಆದಾಗ ಹೊಟ್ಟೆಯೊಳಗೆ ಗಾಜ್ ಬಟ್ಟೆ ಇದ್ದದ್ದು ಗೊತ್ತಾಯಿತು. ಆದರೂ ಕೇಸು ನಿಲ್ಲಲಿಲ್ಲ. ಅಷ್ಟು ವರ್ಷ ನೋವಿದ್ದರೂ ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಹೋಗಿ ಕೇಳಲಿಲ್ಲ, ದೂರು ತಡವಾಯಿತು ಅಂತ ಕೋರ್ಟ್ ಹೇಳಿತು. ನೋವು ಸಹಿಸಿಕೊಂಡು ಸುಮ್ನೆ ಇರುವುದು ನಮ್ಮ ಹೆಣ್ಣುಮಕ್ಕಳಿಗೆ ಅಭ್ಯಾಸವಾಗಿಬಿಟ್ಟಿದೆ, ಅಲ್ವಾ? ದಯವಿಟ್ಟು ಹಾಗೆ ಇರಬೇಡಿ. ಆಪರೇಷನ್ ಆದ ಮೇಲೆ ನೋವು ಬಿಡದಿದ್ದರೆ ಹೋಗಿ ತೋರಿಸಿ, ಚೀಟಿ ಇಟ್ಟುಕೊಳ್ಳಿ.

ದೂರು ಎಲ್ಲಿ ಕೊಡಬೇಕು, ಖರ್ಚೆಷ್ಟು?

ಇಲ್ಲಿ ಜನರಿಗೆ ತುಂಬಾ ಗೊಂದಲ ಇದೆ. ನೀವು ಎಷ್ಟು ಪರಿಹಾರ ಕೇಳುತ್ತೀರಿ ಅನ್ನುವುದು ಈಗ ಲೆಕ್ಕಕ್ಕಿಲ್ಲ. ಚಿಕಿತ್ಸೆಗೆ ಎಷ್ಟು ಹಣ ಕೊಟ್ಟಿರಿ ಅನ್ನುವುದು ಲೆಕ್ಕ. 50 ಲಕ್ಷ ರೂ. ವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿ ವರೆಗೆ ರಾಜ್ಯ ಆಯೋಗ, ಅದರ ಮೇಲೆ ರಾಷ್ಟ್ರೀಯ ಆಯೋಗ. ಅಂದರೆ ನಮ್ಮ ನಿಮ್ಮ ಬಹುಪಾಲು ಕೇಸು ಜಿಲ್ಲಾ ಆಯೋಗಕ್ಕೇ ಬರುತ್ತದೆ. ಆಸ್ಪತ್ರೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. 5ರಿಂದ 10 ಲಕ್ಷಕ್ಕೆ 200 ರೂ., 20 ಲಕ್ಷದ ವರೆಗೆ 400, 50 ಲಕ್ಷದ ವರೆಗೆ 1,000.

ಇನ್ನೊಂದು ಅನುಕೂಲ: ಆಸ್ಪತ್ರೆ ಬೆಂಗಳೂರಿನಲ್ಲಿ ಇದ್ದು ನೀವು ಹಾವೇರಿಯಲ್ಲಿ ಇದ್ದರೆ ಹಾವೇರಿಯಲ್ಲೇ ದೂರು ಕೊಡಬಹುದು. ದೂರುದಾರರು ವಾಸ ಇರುವ ಅಥವಾ ಕೆಲಸ ಮಾಡುವ ಊರಿನ ಆಯೋಗಕ್ಕೂ ಅಧಿಕಾರ ಇದೆ. ಕಾಯಿಲೆಯವರನ್ನು ಮನೆಯಲ್ಲಿ ಇಟ್ಟುಕೊಂಡು ತಾರೀಕಿಗೆ ಓಡಾಡುವವರಿಗೆ ಇದು ದೊಡ್ಡ ಉಪಕಾರ.

ತಜ್ಞರ ಅಭಿಪ್ರಾಯ ಇಲ್ಲದಿದ್ದರೆ ಕೇಸು ಬಿದ್ದುಹೋಗುತ್ತದಾ?

ಎಲ್ಲ ಕೇಸಿಗೂ ತಜ್ಞರು ಬೇಕಿಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಮಲೇರಿಯಾ ಇದ್ದವರಿಗೆ ಟೈಫಾಯಿಡ್ ಚಿಕಿತ್ಸೆ ಕೊಟ್ಟ ಹೈದರಾಬಾದಿನ ಕೇಸು. ಎಡಗಾಲಿನ ಬದಲು ಬಲಗಾಲು ಕೊಯ್ದಿದ್ದರೆ, ಹೊಟ್ಟೆಯಲ್ಲಿ ಬಟ್ಟೆ ಬಿಟ್ಟಿದ್ದರೆ ತಪ್ಪು ತಾನೇ ಮಾತಾಡುತ್ತದೆ. ಉಳಿದ ಕಡೆ ತಜ್ಞರ ಬರಹ ಇದ್ದರೆ ಕೇಸಿಗೆ ಬೆನ್ನುಮೂಳೆ ಬರುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಬಿಟ್ಟಿದ್ದೇವೆ. ಇನ್ನು ಕೇಳುವ ಹಾಗಿಲ್ವಾ?

ಕೇಳಬಹುದು. ಆ ಸಹಿ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ. ನಿರ್ಲಕ್ಷ್ಯಕ್ಕೆ ಯಾರೂ ಒಪ್ಪಿಗೆ ಕೊಡುವುದಿಲ್ಲ. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದೂ ಇಲ್ಲ. ದೆಹಲಿಯ ಒಬ್ಬ ಮಹಿಳೆ ಲ್ಯಾಪರೋಸ್ಕೋಪಿ ಪರೀಕ್ಷೆಗೆ ಅಂತ ಮಲಗಿದ್ದರು. ಅರಿವಳಿಕೆಯಲ್ಲಿ ಇದ್ದಾಗಲೇ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟರು. ಜೀವಕ್ಕೆ ತುರ್ತು ಅಪಾಯ ಇಲ್ಲದಾಗ ಇದು ಸಲ್ಲದು, ವಯಸ್ಸಿಗೆ ಬಂದವರ ದೇಹಕ್ಕೆ ಅವರದೇ ಒಪ್ಪಿಗೆ ಬೇಕು ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡಿದ್ದರೆ ಲಾಯರ್‌ಗೆ ಅದನ್ನು ಮೊದಲೇ ಹೇಳಿ.

ಸರ್ಕಾರಿ ಆಸ್ಪತ್ರೆಯಾದರೆ?

ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯ್ದೆಯ ಒಳಗೆ ಬರುವುದಿಲ್ಲ. 1995ರ ವಿ.ಪಿ. ಶಾಂತಾ ತೀರ್ಪು ಇದನ್ನು ಹೇಳಿದೆ. ಅಲ್ಲಿ ಕಟ್ಟಿಸಿಕೊಳ್ಳುವ ಸಣ್ಣ ನೋಂದಣಿ ಚೀಟಿಯ ಹಣ ಲೆಕ್ಕಕ್ಕೆ ಬಾರದು. ಆದರೆ ಅದೇ ತೀರ್ಪು ಇನ್ನೂ ಎರಡು ಮಾತು ಹೇಳಿದೆ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ ಉಚಿತ ರೋಗಿಯೂ ದೂರು ಕೊಡಬಹುದು. ವಿಮೆ ಕಂಪನಿಯೋ ಕೆಲಸ ಕೊಟ್ಟವರೋ ಬಿಲ್ ಕಟ್ಟಿದ್ದರೂ ನೀವು ಗ್ರಾಹಕರೇ.

ಪೂರ್ತಿ ಉಚಿತ ಆಸ್ಪತ್ರೆಯಾದರೆ ಸಿವಿಲ್ ಕೋರ್ಟಿನ ದಾರಿ. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಎರಡು ತಿಂಗಳ ನೋಟೀಸ್ ಕೊಡಬೇಕು. ಹಾಗಾಗಿ ಬೇಗ ಲಾಯರ್ ಹಿಡಿಯಿರಿ. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಹೆರಿಗೆಯಾದ ತಾಯಿಗೆ ಸಂತಾನಶಕ್ತಿ ಹರಣ ಆಪರೇಷನ್ ಮಾಡಿ ಹೊಟ್ಟೆಯಲ್ಲಿ ಟವೆಲ್ ಬಿಟ್ಟಿದ್ದರು. ಅವರು ತೀರಿಕೊಂಡರು. ಸರ್ಕಾರವೇ ಹೊಣೆ ಅಂತ ಸುಪ್ರೀಂ ಕೋರ್ಟಿನಿಂದ ತೀರ್ಪು ಬಂದದ್ದು 1996ರಲ್ಲಿ. ಆ ಮನೆಯವರು 33 ವರ್ಷ ಕಾದರು. ಬಡವರು ಹೋಗುವ ಆಸ್ಪತ್ರೆಯ ದಾರಿಯೇ ಹೆಚ್ಚು ಉದ್ದವಾಗಿರುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ಪೊಲೀಸರಿಗೆ ದೂರು ಕೊಡಬೇಕಾ?

ತುಂಬಾ ಗಂಭೀರವಾದ ನಿರ್ಲಕ್ಷ್ಯ ಕಂಡರೆ ಮಾತ್ರ. ಕುಡಿದು ಆಪರೇಷನ್ ಮಾಡಿದ್ದು, ಓದದೇ ಇರುವವರು ಇಂಜೆಕ್ಷನ್ ಕೊಟ್ಟದ್ದು, ಆ ತರಹದ್ದು. ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದ ವರೆಗೆ ಶಿಕ್ಷೆ. ನೋಂದಾಯಿತ ವೈದ್ಯರು ಚಿಕಿತ್ಸೆ ಕೊಡುವಾಗ ಆಗಿದ್ದರೆ 2 ವರ್ಷದ ವರೆಗೆ. ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಪೊಲೀಸರು ಮೊದಲು ಬೇರೆ ಡಾಕ್ಟರ, ಆದಷ್ಟೂ ಸರ್ಕಾರಿ ಡಾಕ್ಟರ, ಅಭಿಪ್ರಾಯ ಪಡೆಯಬೇಕು. ಕ್ರಿಮಿನಲ್ ಕೇಸಿನಿಂದ ಪರಿಹಾರದ ಹಣ ಬರುತ್ತದೆ ಅಂತ ತಿಳಿಯಬೇಡಿ. ಅದು ಬೇರೆ, ಇದು ಬೇರೆ.

ಆಸ್ಪತ್ರೆಯಲ್ಲಿ ಗಲಾಟೆ ಮಾಡುವುದು, ಗಾಜು ಒಡೆಯುವುದು ಖಂಡಿತ ಬೇಡ. ಕರ್ನಾಟಕದ 2009ರ ಕಾಯ್ದೆಯಲ್ಲಿ ಅದಕ್ಕೆ ಜೈಲು, ದಂಡ, ಹಾಳಾದ ಆಸ್ತಿಯ ನಷ್ಟ ಭರ್ತಿ ಎಲ್ಲ ಇದೆ. ಮಗನನ್ನು ಕಳೆದುಕೊಂಡ ಅಪ್ಪ ಆರೋಪಿಯಾಗಿ ನಿಲ್ಲುವುದು ಎಂಥ ಸಂಕಟ, ಯೋಚಿಸಿ.

ಡಾಕ್ಟರ ಲೈಸೆನ್ಸ್ ರದ್ದು ಮಾಡಿಸಬಹುದಾ?

ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಎಚ್ಚರಿಕೆ ಕೊಡುವುದು, ಕೆಲ ಕಾಲ ಅಥವಾ ಶಾಶ್ವತವಾಗಿ ಹೆಸರು ತೆಗೆಯುವುದು ಅದರ ಕೈಯಲ್ಲಿದೆ. ಪರಿಹಾರ ಕೊಡಿಸಲು ಅದಕ್ಕೆ ಅಧಿಕಾರ ಇಲ್ಲ.

ಆಸ್ಪತ್ರೆಯಲ್ಲೇ ಸಾವಾಗಿದೆ. ಅನುಮಾನ ಇದೆ. ಆ ಕ್ಷಣದಲ್ಲಿ ಏನು ಮಾಡಬೇಕು?

ಪೋಸ್ಟ್‌ಮಾರ್ಟಂ ಮಾಡಿಸಿ. ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳಬೇಕು. ಮನೆಯ ಹಿರಿಯರು "ಇನ್ನೂ ಯಾಕೆ ದೇಹ ಕೊಯ್ಯಿಸುವುದು" ಅನ್ನುತ್ತಾರೆ. ಆ ಮಾತಿನ ಹಿಂದಿನ ಪ್ರೀತಿ ನನಗೂ ಅರ್ಥವಾಗುತ್ತದೆ. ಆದರೆ ದೇಹ ಸುಟ್ಟ ಮೇಲೆ ಸಾವಿನ ಕಾರಣ ಹೇಳುವುದಕ್ಕೆ ಆಸ್ಪತ್ರೆಯ ಕಾಗದ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಹತ್ತಿರದ ಠಾಣೆಗೆ ಬರೆದು ಕೊಡಿ. ಮನೆಯವರೆಲ್ಲ ದುಃಖದಲ್ಲಿ ಇರುವಾಗ ತಲೆ ತಣ್ಣಗಿರುವ ಒಬ್ಬ ಸೋದರಮಾವನೋ ಸ್ನೇಹಿತನೋ ಈ ಕೆಲಸ ಹೊತ್ತುಕೊಳ್ಳಲಿ.

ಬಿಲ್ ಕಟ್ಟುವ ತನಕ ದೇಹ ಕೊಡುವುದಿಲ್ಲ ಅಂದರೆ ಒಪ್ಪಬೇಡಿ. ಕೆಪಿಎಂಇ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಬಾಕಿಗಾಗಿ ದೇಹ ಹಿಡಿದಿಟ್ಟುಕೊಳ್ಳುವಂತಿಲ್ಲ.

ಲಾಯರ್ ಫೀಸು ಹೇಗೆ? ಬಂದ ಹಣದಲ್ಲಿ ಪಾಲು ಕೊಟ್ಟರೆ ಸಾಕು ಅನ್ನುತ್ತಾರೆ.

ಹಾಗೆ ಹೇಳುವವರ ಹತ್ತಿರ ಹೋಗಬೇಡಿ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಕೇಸಿನ ಫಲಿತಾಂಶಕ್ಕೆ ಕಟ್ಟುಬಿದ್ದ ಫೀಸು, ಬಂದ ಹಣದಲ್ಲಿ ಪಾಲು, ಎರಡೂ ನಿಷಿದ್ಧ. ಒಟ್ಟು ಎಷ್ಟು, ಯಾವ ಹಂತಕ್ಕೆ ಎಷ್ಟು, ತಜ್ಞರ ಖರ್ಚು ಅದರಲ್ಲಿ ಸೇರಿದೆಯಾ ಅಂತ ವಕಾಲತ್ತಿಗೆ ಸಹಿ ಹಾಕುವ ಮುಂಚೆ ಕೇಳಿ. ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ. ಮೂಲ ದಾಖಲೆ ಕೊಡಬೇಡಿ, ಜೆರಾಕ್ಸ್ ಕೊಡಿ.

ಲಾಯರ್ ಒಳ್ಳೆಯವರಾ ಅಂತ ತಿಳಿಯಲು ನಾನು ಒಂದೇ ಪ್ರಶ್ನೆ ಕೇಳಲು ಹೇಳುತ್ತೇನೆ: "ಈ ಕೇಸಿನಲ್ಲಿ ನಮ್ಮ ಕಡೆಯ ದೌರ್ಬಲ್ಯ ಏನು?" ಕೇಸ್ ಶೀಟ್ ತಿರುವಿ ನೋಡಿ ಉತ್ತರ ಕೊಟ್ಟರೆ ಅವರನ್ನು ನಂಬಬಹುದು. ಕಾಗದ ನೋಡದೆ "ಗೆದ್ದೇ ಗೆಲ್ಲುತ್ತೇವೆ" ಅಂದರೆ ಎದ್ದು ಬನ್ನಿ.

ಫೀಸು ಕೊಡಲು ಶಕ್ತಿ ಇಲ್ಲ.

ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದ ಬಹುತೇಕರಿಗೆ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿ. ದೂರುದಾರರು ಅಮ್ಮನೋ ಹೆಂಡತಿಯೋ ಆಗಿದ್ದರೆ ಅವರ ಹೆಸರಿನಲ್ಲೇ ಕೇಳಿ.

ಆಸ್ಪತ್ರೆಯವರು ರಾಜಿಗೆ ಕರೆಯುತ್ತಿದ್ದಾರೆ. ಹೋಗಬಹುದಾ?

ಹೋಗಿ, ಮಾತಾಡಿ. ಸಹಿ ಮಾತ್ರ ಲಾಯರ್‌ಗೆ ತೋರಿಸದೆ ಹಾಕಬೇಡಿ. "ಇನ್ನು ಯಾವ ಹಕ್ಕೂ ಕೇಳುವುದಿಲ್ಲ" ಅನ್ನುವ ಸಾಲು ಆ ಕಾಗದದಲ್ಲಿ ಎಲ್ಲೋ ಇರುತ್ತದೆ. ಸಾವು ಅಥವಾ ತೀವ್ರ ಗಾಯ ಆದ ವೈದ್ಯಕೀಯ ನಿರ್ಲಕ್ಷ್ಯದ ಕೇಸುಗಳನ್ನು ಆಯೋಗ ಮಧ್ಯಸ್ಥಿಕೆಗೆ ಕಳಿಸುವಂತಿಲ್ಲ ಅಂತ 2020ರ ನಿಯಮವಿದೆ ಅನ್ನುವುದೂ ನೆನಪಿರಲಿ.

ಎಷ್ಟು ವರ್ಷ ಹಿಡಿಯುತ್ತದೆ?

ಕಾನೂನಿನ ಪುಸ್ತಕದಲ್ಲಿ ತಿಂಗಳುಗಳ ಲೆಕ್ಕ, ನಿಜದಲ್ಲಿ ವರ್ಷಗಳ ಲೆಕ್ಕ. ಆಸ್ಪತ್ರೆ 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನದಲ್ಲಿ ಉತ್ತರ ಕೊಡಬೇಕು. ಆಮೇಲೆ ಒಂದು ದಿನವೂ ಸಿಗದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿದೆ. ನೀವು ಗೆದ್ದರೆ ಅವರು ಮೇಲ್ಮನವಿ ಹೋಗಲು 45 ದಿನ ಇದೆ. ಆಗ ತೀರ್ಪಿನ ಹಣದ ಅರ್ಧ ಠೇವಣಿ ಇಡಬೇಕು.

ಕುನಾಲ್ ಸಾಹಾ ಅವರ ಕೇಸು ಗೊತ್ತಿರಬಹುದು. ಅವರೇ ಡಾಕ್ಟರು, ಅಮೆರಿಕದಲ್ಲಿ ಇದ್ದವರು. 1998ರಲ್ಲಿ ರಜೆಗೆ ಕೋಲ್ಕತ್ತಕ್ಕೆ ಬಂದಾಗ ಹೆಂಡತಿ ಅನುರಾಧಾ ಅವರಿಗೆ ಚರ್ಮದ ಕಾಯಿಲೆ ಕಾಣಿಸಿತು. ಸ್ಟೀರಾಯ್ಡ್ ಅತಿಯಾಯಿತು. ಅವರು ತೀರಿಕೊಂಡರು. 2006ರಲ್ಲಿ ರಾಷ್ಟ್ರೀಯ ಆಯೋಗ ದೂರನ್ನು ವಜಾ ಮಾಡಿತು. 2009ರಲ್ಲಿ ಸುಪ್ರೀಂ ಕೋರ್ಟ್ ನಿರ್ಲಕ್ಷ್ಯ ನಡೆದಿದೆ ಅಂದಿತು. 2013ರಲ್ಲಿ ಸುಮಾರು 6 ಕೋಟಿ ರೂ. ಪರಿಹಾರ ಬಂತು. 15 ವರ್ಷ. ಕೇಸ್ ಶೀಟ್ ಓದಿ ಅರ್ಥ ಮಾಡಿಕೊಳ್ಳಬಲ್ಲ ಗಂಡನಿಗೇ ಇಷ್ಟು ಕಾಲ ಬೇಕಾಯಿತು. ಮೊತ್ತ ನೋಡಿ ಆಸೆ ಪಡಬೇಡಿ. ಅವರ ತಾಳ್ಮೆ ನೋಡಿ.

ನಾವು ವಿದೇಶದಲ್ಲಿದ್ದೇವೆ. ಅಪ್ಪ-ಅಮ್ಮ ಊರಲ್ಲಿ.

ಅಪ್ಪ-ಅಮ್ಮನೇ ದೂರುದಾರರಾಗಬಹುದು. ಅವರು ತೀರಿಕೊಂಡಿದ್ದರೆ ವಾರಸುದಾರರಾಗಿ ನೀವು ಆಗಬಹುದು. ಆಗ ಊರಲ್ಲಿರುವ ನಂಬಿಕೆಯ ಒಬ್ಬರಿಗೆ ಅಧಿಕಾರ ಪತ್ರ ಬರೆದುಕೊಡಬೇಕಾಗುತ್ತದೆ, ಲಾಯರ್ ಇಲ್ಲದೆ ಕಷ್ಟ. ಚಿಕಿತ್ಸೆ ಆದದ್ದೇ ಅಮೆರಿಕದಲ್ಲಿ ಆದರೆ ಅಲ್ಲಿನ ಕಾನೂನೇ ಬೇರೆ. ಅಲ್ಲಿ ಪರಿಹಾರದಲ್ಲಿ ಪಾಲು ಪಡೆಯುವ ಫೀಸು ಸಹಜ. ಗಡುವು ಒಂದೊಂದು ರಾಜ್ಯಕ್ಕೆ ಒಂದೊಂದು. ನ್ಯೂಯಾರ್ಕಿನಲ್ಲಿ ಸಾಮಾನ್ಯವಾಗಿ ಎರಡೂವರೆ ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಗೊತ್ತಾದ ದಿನದಿಂದ 1 ವರ್ಷ ಅಥವಾ ಹಾನಿಯಾದ ದಿನದಿಂದ 3 ವರ್ಷ, ಯಾವುದು ಮೊದಲೋ ಅದು. ಇಲ್ಲಿಯ ಎರಡು ವರ್ಷದ ಲೆಕ್ಕ ಹಿಡಿದು ಅಲ್ಲಿ ಕಾಯಬೇಡಿ.

ಕೇಸ್ ಶೀಟ್ ಕೇಳುವ ಪತ್ರ ಹೇಗೆ ಬರೆಯಬೇಕು?

ಚಿಕ್ಕದಾಗಿ, ಸಿಟ್ಟಿಲ್ಲದೆ. ಆರೋಪ ಬೇಡ. ಎರಡು ಪ್ರತಿ ಮಾಡಿ. ಒಂದನ್ನು ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಕು, ವೇಳೆ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಇಮೇಲ್ ಕೂಡ ಮಾಡಿ. ನಾನು ಎಲ್ಲರಿಗೂ ಬರೆದುಕೊಡುವುದು ಇಷ್ಟೇ:

"ಮಾನ್ಯರೇ, ನಮ್ಮ ತಾಯಿಯವರು ತಮ್ಮ ಆಸ್ಪತ್ರೆಯಲ್ಲಿ ಈ ತಾರೀಕಿನಿಂದ ಈ ತಾರೀಕಿನ ವರೆಗೆ ಒಳರೋಗಿಯಾಗಿದ್ದರು. ಒಳರೋಗಿ ಸಂಖ್ಯೆ ಇದು. ಮುಂದಿನ ಚಿಕಿತ್ಸೆಗಾಗಿ ಅವರ ಸಂಪೂರ್ಣ ಕೇಸ್ ಶೀಟ್‌ನ ಪ್ರತಿ ಬೇಕಾಗಿದೆ. ವೈದ್ಯರ ಮತ್ತು ನರ್ಸ್‌ಗಳ ದಿನದಿನದ ನೋಟ್ಸ್, ಔಷಧಿ ಚಾರ್ಟ್, ಆಪರೇಷನ್ ಮತ್ತು ಅರಿವಳಿಕೆ ನೋಟ್ಸ್, ಒಪ್ಪಿಗೆ ಪತ್ರಗಳು, ಎಲ್ಲ ಪರೀಕ್ಷೆಗಳ ವರದಿ ಮತ್ತು ಫಿಲ್ಮ್‌ಗಳನ್ನು ದಯವಿಟ್ಟು ಪುಟಸಂಖ್ಯೆ ಹಾಕಿ ಕೊಡಿ. ಪ್ರತಿಗಳ ಖರ್ಚನ್ನು ನಾವು ಕೊಡುತ್ತೇವೆ. 2002ರ ನಿಯಮಗಳಂತೆ 72 ಗಂಟೆಗಳ ಒಳಗೆ ಕೊಡಬೇಕೆಂದು ಕೋರುತ್ತೇನೆ. ತಾಯಿಯವರ ಒಪ್ಪಿಗೆಯ ಸಹಿ ಕೆಳಗಿದೆ."